ಟ್ಯಾಂಕಿಗಿಳಿದ ಜೋಳ, ಕೈಗೆ ಬಾರದ ಬೆಲೆ: ಮಾದಿಹಳ್ಳಿಯಲ್ಲಿ ನಿಂತು ನೋಡಿದರೆ ಇ20 ಪೆಟ್ರೋಲ್ ಲೆಕ್ಕ

ಮಾದಿಹಳ್ಳಿ ಕಡೆ ನವೆಂಬರ್‌ನಲ್ಲಿ ಕಾರು ಓಡಿಸೋದು ಅಂದ್ರೆ ಅರ್ಧ ರಸ್ತೆಯಲ್ಲಿ ಓಡಿಸೋದು ಅಂತ ಅರ್ಥ. ಉಳಿದರ್ಧ ಜೋಳದ್ದು. ಬೇಲೂರು ತಾಲೂಕಿನ ಈ ಹೋಬಳಿಯಿಂದ ಹಳೇಬೀಡು, ಜಾವಗಲ್, ಅರಸೀಕೆರೆ ಕಡೆಗೆ ಎತ್ತ ಹೋದರೂ ಟಾರಿನ ಮೇಲೆ ಹಳದಿ ಹಾಸು. ಅಂಚಿಗೆ ಕಲ್ಲು ಇಟ್ಟಿರ್ತಾರೆ, ಸಂಜೆಯಾದರೆ ಟಾರ್ಪಾಲು ಎಳೀತಾರೆ. ಬೆಂಗಳೂರಿಂದ ವೀಕೆಂಡಿಗೆ ಬರುವ ಕಾರಿನವರು ಹಾರ್ನ್ ಹೊಡೆದು ಬೈದುಕೊಂಡು ಹೋಗ್ತಾರೆ. ನಾನೂ ಬೈದವನೇ.

ನವೆಂಬರ್ ಕೊನೆಯ ಭಾನುವಾರ ಆ ಕಡೆಯ ಅಕ್ಕನ ಮನೆಗೆ ಹೋಗಿದ್ದೆ. ಕೋತಿ ಕಾಟಕ್ಕೆ ಒಡೆದಿದ್ದ ಹಂಚು ಬದಲಿಸೋಕೆ ಭಾವ ಮಾಡು ಹತ್ತಿದ್ದರು. ಅಂಗಳದಲ್ಲಿ ಇನ್ನೊಂದು ಲೋಕ. ಬೆಂಗಳೂರಲ್ಲಿ ಕೆಲಸ ಮಾಡುವ ಅಕ್ಕಪಕ್ಕದ ಮನೆಯ ಮೂವರು ಹುಡುಗರು ಕಾರಿಗೆ ಪ್ರೆಶರ್ ವಾಷರ್‌ನಲ್ಲಿ ನೊರೆ ಹೊಡೆಯುತ್ತಿದ್ದರು. ಮೈಕ್ರೋಫೈಬರ್ ಬಟ್ಟೆ, ವ್ಯಾಕ್ಸ್, ಟೈರಿಗೆ ಹಚ್ಚುವ ಪಾಲಿಶ್ ಎಲ್ಲ ಜಗಲಿ ಮೇಲೆ ಸಾಲಾಗಿ ಇಟ್ಟಿದ್ದರು. ಸೆರಾಮಿಕ್ ಕೋಟಿಂಗ್ ಎಷ್ಟು ವರ್ಷ ಬರುತ್ತೆ, ಶಿರಾಡಿ ಘಾಟಿ ಇಳಿಯುವಾಗ ಯಾವ ಗೇರ್ ಹಾಕಬೇಕು, ಹಾಸನ ರಸ್ತೆಯಲ್ಲಿ ಎಷ್ಟು ಗಂಟೆಗೆ ಬಂದೆ ಅನ್ನೋ ಮಾತು. ಕಾರು ಪ್ರೀತಿಸುವವರು ಇಬ್ಬರು ಸೇರಿದರೂ ಮಾತು ಕೊನೆಗೆ ಬಂದು ನಿಲ್ಲುವ ಜಾಗ ಒಂದೇ: ಮೈಲೇಜ್.

"ಮಗಾ, ಹದಿನಾರು ಕೊಡ್ತಿದ್ದ ಗಾಡಿ ಈಗ ಹದಿನೈದು ದಾಟ್ತಿಲ್ಲ. ಎಲ್ಲಾ ಆ ಇ20 ಮಹಿಮೆ" ಅಂದ ಒಬ್ಬ.

ಇನ್ನೊಬ್ಬ, "ನಂದು 2012ರ ಗಾಡಿ. ಫ್ಯೂಯಲ್ ಪೈಪ್ ಹೋಯ್ತು, ಗ್ಯಾರೇಜಿನವನು ಎಥನಾಲ್ ಅಂತಾನೆ" ಅಂದ.

ಮಾಡಿನ ಮೇಲಿಂದ ಭಾವ ಕೆಳಗೆ ನೋಡಿ ಹೇಳಿದ್ದು ಇಷ್ಟು: "ನಿಮ್ ಗಾಡಿ ಹೊಟ್ಟೇಲಿ ಇರೋದು ನಮ್ ಜೋಳ ಕಣ್ರಪ್ಪ. ನಿಮಗೂ ಲಾಸು, ನಮಗೂ ಲಾಸು. ಹಂಗಾದ್ರೆ ಲಾಭ ಯಾರಿಗೆ?"

ಅಂಗಳದಲ್ಲಿ ಯಾರೂ ಉತ್ತರ ಕೊಡಲಿಲ್ಲ. ಎಂಜಿನಿಯರಿಂಗ್ ಓದಿ ಪತ್ರಕರ್ತನಾದ ನನ್ನ ಹತ್ತಿರವೂ ತಕ್ಷಣಕ್ಕೆ ಇರಲಿಲ್ಲ. ವಾಪಸ್ ಬಂದ ಮೇಲೆ ಕೂತು ಲೆಕ್ಕ ಹಾಕಿದೆ.

ಮೈಲೇಜ್ ಬಿದ್ದಿರೋದು ನಿಜವಾ?

ನಿಜ. ಆದರೆ ಕೆಲವರು ಹೇಳುವಷ್ಟಲ್ಲ.

ಇದು ಪಿಯುಸಿ ಮಟ್ಟದ ಲೆಕ್ಕ. ಒಂದು ಲೀಟರ್ ಪೆಟ್ರೋಲ್‌ನಲ್ಲಿ ಸುಮಾರು 32 ಮೆಗಾಜೂಲ್ ಶಕ್ತಿ ಇದೆ. ಒಂದು ಲೀಟರ್ ಎಥನಾಲ್‌ನಲ್ಲಿ ಸುಮಾರು 21. ಅಂದರೆ ಮೂರನೇ ಒಂದು ಭಾಗದಷ್ಟು ಕಡಿಮೆ. ನೂರಕ್ಕೆ 20 ಭಾಗ ಎಥನಾಲ್ ಬೆರೆಸಿದರೆ ಒಂದು ಲೀಟರ್ ಇಂಧನದ ಶಕ್ತಿ ಶುದ್ಧ ಪೆಟ್ರೋಲ್‌ಗಿಂತ ಶೇ. 7ರಷ್ಟು ಇಳಿಯುತ್ತೆ. ಮೊದಲು ಸಿಗುತ್ತಿದ್ದ ಇ10ಕ್ಕೆ ಹೋಲಿಸಿದರೆ ಇಳಿಕೆ ಶೇ. 3.5ರ ಆಸುಪಾಸು. ಎಥನಾಲ್‌ನ ಆಕ್ಟೇನ್ ಹೆಚ್ಚು ಅನ್ನೋದು ಸರಿ. ಅದರ ಲಾಭ ಪಡೆಯುವಂತೆ ರೂಪಿಸಿದ ಹೊಸ ಎಂಜಿನ್‌ಗಳು ನಷ್ಟದ ಒಂದಷ್ಟನ್ನು ತುಂಬಿಕೊಳ್ಳುತ್ತವೆ. ಹಳೇ ಎಂಜಿನ್‌ಗೆ ಆ ಯೋಗ ಇಲ್ಲ.

ಇದು ಸರ್ಕಾರಕ್ಕೆ ಗೊತ್ತಿರದ ವಿಷಯವೇನಲ್ಲ. ನೀತಿ ಆಯೋಗ 2021ರಲ್ಲಿ ಪ್ರಕಟಿಸಿದ ಎಥನಾಲ್ ಮಾರ್ಗಸೂಚಿ ವರದಿಯೇ, ಇ10ಕ್ಕೆ ಹೊಂದಿಸಿದ ಹಳೇ ನಾಲ್ಕು ಚಕ್ರದ ವಾಹನಗಳಲ್ಲಿ ಶೇ. 6ರಿಂದ 7, ದ್ವಿಚಕ್ರ ವಾಹನಗಳಲ್ಲಿ ಶೇ. 3ರಿಂದ 4, ಇ20ಗೆ ಹೊಂದಿಸಿದ ಕಾರುಗಳಲ್ಲಿ ಶೇ. 1ರಿಂದ 2ರಷ್ಟು ಇಂಧನ ದಕ್ಷತೆ ಕಡಿಮೆಯಾಗುತ್ತೆ ಎಂದು ಬರೆದಿತ್ತು. ಹಾಗಾಗಿ "ಮೈಲೇಜ್ ಶೇ. 30 ಬಿತ್ತು" ಅನ್ನುವ ವಿಡಿಯೊ ನೋಡಿದರೆ ಮೊದಲು ಟೈರಿನ ಗಾಳಿ, ಏರ್ ಫಿಲ್ಟರ್, ಟ್ರಾಫಿಕ್ಕು ನೋಡಿ. "ಏನೂ ಆಗೇ ಇಲ್ಲ" ಅನ್ನುವ ಸಚಿವರ ಮಾತು ಕೇಳಿದರೆ ಈ ವರದಿ ತೆಗೆದು ತೋರಿಸಿ.

ರೂಪಾಯಿಯಲ್ಲಿ ಹೇಳೋಣ. ವರ್ಷಕ್ಕೆ 12,000 ಕಿ.ಮೀ. ಓಡುವ, ಲೀಟರ್‌ಗೆ 16 ಕೊಡುತ್ತಿದ್ದ ಕಾರಿಗೆ 750 ಲೀಟರ್ ಬೇಕಿತ್ತು. ಶೇ. 3.5 ದಕ್ಷತೆ ಹೋದರೆ 777 ಲೀಟರ್ ಬೇಕು. 27 ಲೀಟರ್ ಹೆಚ್ಚು. ಲೀಟರ್‌ಗೆ 103 ರೂಪಾಯಿ ಹಿಡಿದರೆ ವರ್ಷಕ್ಕೆ ಸುಮಾರು 2,800 ರೂಪಾಯಿ. ಸೆರಾಮಿಕ್ ಕೋಟಿಂಗ್ ಮಾಡಿಸುವವನಿಗೆ ಇದು ದೊಡ್ಡ ಮೊತ್ತವಲ್ಲದೆ ಇರಬಹುದು. ದಿನಾ ಹಳೇ ಬೈಕಿನಲ್ಲಿ ಹಾಲಿನ ಕ್ಯಾನ್ ಕಟ್ಟಿಕೊಂಡು ಡೈರಿಗೆ ಹೋಗುವವನಿಗೆ, ಹಳೇ ಓಮ್ನಿಯಲ್ಲಿ ಸಂತೆಗೆ ತರಕಾರಿ ಸಾಗಿಸುವವನಿಗೆ ಪ್ರತಿ ನೂರು ರೂಪಾಯಿಯೂ ಲೆಕ್ಕಕ್ಕೆ ಬರುತ್ತೆ.

ಹಳೇ ಗಾಡಿ ಯಾರ ಹತ್ತಿರ ಇರುತ್ತೆ?

ಇ20ಗೆ ಹೊಂದುವ ಬಿಡಿಭಾಗಗಳ ಗಾಡಿಗಳು ಮಾರುಕಟ್ಟೆಗೆ ಬಂದದ್ದು 2023ರ ಏಪ್ರಿಲ್ ನಂತರ. ಅದಕ್ಕೂ ಹಿಂದಿನ ಗಾಡಿಗಳಲ್ಲಿ ಎಥನಾಲ್ ಕೆಲವು ಬಗೆಯ ರಬ್ಬರ್ ಪೈಪು, ಸೀಲು, ಗ್ಯಾಸ್ಕೆಟ್‌ಗಳನ್ನು ನಿಧಾನಕ್ಕೆ ಹಾಳು ಮಾಡಬಲ್ಲದು. ಎಥನಾಲ್ ಗಾಳಿಯ ತೇವ ಹೀರಿಕೊಳ್ಳುವ ವಸ್ತು ಕೂಡ. ವಾರವಿಡೀ ನಿಂತು ಭಾನುವಾರ ಮಾತ್ರ ಓಡುವ ಕಾರು, ಮಳೆಗಾಲದಲ್ಲಿ ತಿಂಗಳುಗಟ್ಟಲೆ ಕೊಟ್ಟಿಗೆಯಲ್ಲಿ ನಿಲ್ಲುವ ಹಳೇ ಬೈಕಿನ ತಗಡಿನ ಟ್ಯಾಂಕು, ಇವಕ್ಕೆ ಅದು ಒಳ್ಳೇದಲ್ಲ. ತುಂಬಾ ದಿನ ನಿಲ್ಲಿಸೋದಾದರೆ ಟ್ಯಾಂಕ್ ಖಾಲಿ ಬಿಡಬೇಡಿ, ಮುಚ್ಚಳದ ಸೀಲ್ ನೋಡಿಸಿ, ಸರ್ವಿಸ್‌ನಲ್ಲಿ ಫ್ಯೂಯಲ್ ಪೈಪ್ ಪರೀಕ್ಷೆ ಮಾಡಿಸಿ. ಅಂಗಳದ ಹುಡುಗರಿಗೂ ನಾನು ಹೇಳಿದ್ದು ಇಷ್ಟೇ.

2025ರ ಆಗಸ್ಟ್‌ನಲ್ಲಿ ಪೆಟ್ರೋಲಿಯಂ ಸಚಿವಾಲಯ ಕೊಟ್ಟ ಸ್ಪಷ್ಟನೆಯೂ ಇದನ್ನು ಪೂರ್ತಿ ಅಲ್ಲಗಳೆದಿಲ್ಲ. ಕೆಲವು ಹಳೇ ವಾಹನಗಳಲ್ಲಿ 20ರಿಂದ 30 ಸಾವಿರ ಕಿ.ಮೀ. ಓಡಿದ ಮೇಲೆ ರಬ್ಬರ್ ಭಾಗ, ಗ್ಯಾಸ್ಕೆಟ್ ಬದಲಿಸಬೇಕಾಗಬಹುದು, ಅದು ಅಗ್ಗದ ಕೆಲಸ ಎಂದಿತು. ಅಗ್ಗ ಯಾರಿಗೆ ಅನ್ನೋದು ಪ್ರಶ್ನೆ. ಹೊಸ ಗಾಡಿ ತಗೊಳ್ಳಲು ಆಗದವನೇ ಹಳೇ ಗಾಡಿ ಇಟ್ಟುಕೊಂಡಿರೋದು. ನಗರದಲ್ಲಿ ಎಂಟು ವರ್ಷ ಓಡಿದ ಕಾರು ಸೆಕೆಂಡ್ ಹ್ಯಾಂಡ್ ಆಗಿ ಅರಸೀಕೆರೆ, ಬೇಲೂರಿನ ಹಳ್ಳಿಗಳಿಗೆ ಬರುತ್ತೆ, ಇಲ್ಲಿ ಇನ್ನೂ ಹತ್ತು ವರ್ಷ ಓಡುತ್ತೆ. ಅಂದರೆ ಇ20ರ ರಿಪೇರಿ ಖರ್ಚು ಹೆಚ್ಚಾಗಿ ಬೀಳೋದು ಕಡಿಮೆ ದುಡ್ಡಿರುವವರ ಮೇಲೆ.

ಇದಕ್ಕೂ ಪರಿಹಾರ ಅದೇ ನೀತಿ ಆಯೋಗದ ವರದಿಯಲ್ಲಿತ್ತು. ಹಳೇ ವಾಹನಗಳಿಗಾಗಿ ಇ10 ಪೆಟ್ರೋಲ್ ಬಂಕುಗಳಲ್ಲಿ ಉಳಿಯಬೇಕು, ಎಥನಾಲ್ ಬೆರೆಸಿದ ಪೆಟ್ರೋಲ್‌ನ ಬೆಲೆ ಶಕ್ತಿ ನಷ್ಟಕ್ಕೆ ತಕ್ಕಂತೆ ಕಡಿಮೆ ಇರಬೇಕು ಎಂದು ಅದು ಹೇಳಿತ್ತು. ಎರಡೂ ಆಗಲಿಲ್ಲ. 2030ಕ್ಕೆ ಇಟ್ಟಿದ್ದ ಶೇ. 20ರ ಗುರಿಯನ್ನು 2025ಕ್ಕೇ ಮುಟ್ಟಿದೆವು ಎಂಬ ಸಂಭ್ರಮ ಮಾತ್ರ ನಡೆಯಿತು. ಎಥನಾಲ್ ರಹಿತ ಪೆಟ್ರೋಲ್‌ನ ಆಯ್ಕೆ ಕೊಡಿ ಎಂದು ಸುಪ್ರೀಂ ಕೋರ್ಟ್‌ಗೆ ಹೋದ ಸಾರ್ವಜನಿಕ ಹಿತಾಸಕ್ತಿ ಅರ್ಜಿ 2025ರ ಸೆಪ್ಟೆಂಬರ್ 1ರಂದು ವಜಾ ಆಯಿತು. ಅದೇ ತಿಂಗಳು ನಿತಿನ್ ಗಡ್ಕರಿಯವರು ಇ20 ವಿರುದ್ಧದ ಟೀಕೆಗಳನ್ನು ದುಡ್ಡು ಕೊಟ್ಟು ಮಾಡಿಸಿದ ಪ್ರಚಾರ ಎಂದು ಕರೆದರು.

ಬ್ರೆಜಿಲ್ ನೋಡಿ ಅಂತಾರೆ. ಸರಿ, ನೋಡೋಣ. ಅಲ್ಲಿ 2025ರ ಆಗಸ್ಟ್‌ನಿಂದ ಪೆಟ್ರೋಲ್‌ಗೆ ಶೇ. 30 ಎಥನಾಲ್ ಬೆರೆಸುತ್ತಾರೆ. ಆದರೆ ಅಲ್ಲಿ 2003ರಿಂದಲೇ ಫ್ಲೆಕ್ಸ್ ಫ್ಯೂಯಲ್ ಕಾರುಗಳಿವೆ. ಬಂಕಿನಲ್ಲಿ ಎಥನಾಲ್‌ಗೇ ಬೇರೆ ಪಂಪ್ ಇದೆ, ಬೆಲೆ ಬೇರೆ ಇದೆ. ಎಥನಾಲ್ ಬೆಲೆ ಪೆಟ್ರೋಲ್‌ನ ಶೇ. 70ಕ್ಕಿಂತ ಕಡಿಮೆ ಇದ್ದರೆ ಎಥನಾಲ್ ಹಾಕಿಸು, ಹೆಚ್ಚಿದ್ದರೆ ಪೆಟ್ರೋಲ್ ಹಾಕಿಸು ಅನ್ನೋ ಲೆಕ್ಕ ಅಲ್ಲಿನ ಡ್ರೈವರ್‌ಗಳಿಗೆ ಬಾಯಿಪಾಠ. ನಾವು ಬ್ರೆಜಿಲ್‌ನಿಂದ ಮಿಶ್ರಣ ಮಾಡೋದನ್ನು ಕಲಿತೆವು, ಆಯ್ಕೆ ಕೊಡೋದನ್ನು ಕಲಿಯಲಿಲ್ಲ.

ಜೋಳ ಟ್ಯಾಂಕಿಗೆ ಬಂದದ್ದು ಹೇಗೆ?

ಎಥನಾಲ್ ಅಂದರೆ ಕಬ್ಬು ಅಂತಲೇ ಈಗಲೂ ತುಂಬ ಜನ ಅಂದುಕೊಂಡಿದ್ದಾರೆ. 2023ರವರೆಗೆ ಅದು ಬಹುಮಟ್ಟಿಗೆ ನಿಜವೂ ಆಗಿತ್ತು. ಆ ವರ್ಷ ಮಳೆ ಕೈಕೊಟ್ಟು ಸಕ್ಕರೆ ಉತ್ಪಾದನೆ ಕುಸಿಯುವ ಭಯ ಬಂತು. 2023ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಕಬ್ಬಿನ ಹಾಲಿನಿಂದ ಎಥನಾಲ್ ಮಾಡುವುದಕ್ಕೆ ಕಡಿವಾಣ ಹಾಕಿತು. ಆದರೆ ಮಿಶ್ರಣದ ಗುರಿ ಸಡಿಲಿಸಲಿಲ್ಲ. ಹಾಗಾದರೆ ಎಥನಾಲ್ ಎಲ್ಲಿಂದ ತರೋದು? ಮುಸುಕಿನ ಜೋಳದಿಂದ. ಜೋಳದ ಎಥನಾಲ್‌ಗೆ ಲೀಟರ್‌ಗೆ 71 ರೂಪಾಯಿ 86 ಪೈಸೆ ಎಂದು ಖರೀದಿ ದರ ಏರಿಸಿದರು. ಒಂದೇ ವರ್ಷದಲ್ಲಿ ಜೋಳ ದೇಶದ ಎಥನಾಲ್‌ನ ಅತಿದೊಡ್ಡ ಕಚ್ಚಾವಸ್ತು ಆಗಿಬಿಟ್ಟಿತು. ಜೋಳ ರಫ್ತು ಮಾಡುತ್ತಿದ್ದ ದೇಶ 2024ರಲ್ಲಿ ಮ್ಯಾನ್ಮಾರ್, ಉಕ್ರೇನ್‌ಗಳಿಂದ ಆಮದು ಮಾಡಿಕೊಂಡಿತು. ಕೋಳಿ ಸಾಕಣೆಯವರು ಮೇವಿನ ಬೆಲೆ ಏರಿತು ಎಂದು ಗೋಳಾಡಿದರು.

ಹಾಸನ ಜಿಲ್ಲೆ ಇದಕ್ಕೆ ಹದವಾದ ನೆಲ. ಒಂದು ಕಾಲಕ್ಕೆ ಹಾಸನ ಅಂದರೆ ಆಲೂಗೆಡ್ಡೆ. ಅಂಗಮಾರಿ ರೋಗ, ಬಿತ್ತನೆ ಗೆಡ್ಡೆಯ ಬೆಲೆ, ಮಾರುಕಟ್ಟೆಯ ಏರಿಳಿತ ಸೇರಿ ಆ ಬೆಳೆಯಿಂದ ಜನ ಹಿಂದೆ ಸರಿದರು. ಆ ಜಾಗಕ್ಕೆ ಬಂದದ್ದು ಜೋಳ, ನೀರಿದ್ದ ಕಡೆ ಶುಂಠಿ. ಜೋಳಕ್ಕೆ ಆಳು ಕಡಿಮೆ ಸಾಕು, ಔಷಧಿ ಖರ್ಚೂ ಅಷ್ಟಿಲ್ಲ. ಮನೆಯಲ್ಲಿ ದುಡಿಯುವ ಹುಡುಗರು ಬೆಂಗಳೂರು ಸೇರಿದ ಮೇಲೆ ಅಪ್ಪ-ಅಮ್ಮ ಇಬ್ಬರೇ ನಿಭಾಯಿಸಬಹುದಾದ ಬೆಳೆ. ಅಂಗಳದಲ್ಲಿ ಕಾರು ತೊಳೆಯುತ್ತಿದ್ದ ಹುಡುಗರಿಗೂ ರಸ್ತೆಯಲ್ಲಿ ಒಣಗುತ್ತಿದ್ದ ಜೋಳಕ್ಕೂ ಇರುವ ನಂಟು ಇದೇ.

2024ರಲ್ಲಿ ಒಳ್ಳೆ ಬೆಲೆ ನೋಡಿದ ರೈತರು 2025ರ ಮುಂಗಾರಿನಲ್ಲಿ ಜಾಸ್ತಿ ಬಿತ್ತಿದರು. ದೇಶದಲ್ಲಿ ಹಿಂದಿನ ವರ್ಷಕ್ಕಿಂತ ಸುಮಾರು 10 ಲಕ್ಷ ಹೆಕ್ಟೇರ್ ಹೆಚ್ಚು ಜೋಳ ಬಿತ್ತನೆಯಾಯಿತು. ಸರ್ಕಾರವೇ "ಅನ್ನದಾತ ಈಗ ಇಂಧನದಾತ" ಎಂದು ಕರೆ ಕೊಟ್ಟಿದ್ದಾಗ ಬಿತ್ತದೇ ಇರ್ತಾರಾ? ಕೊಯ್ಲಿಗೆ ಬರುವ ಹೊತ್ತಿಗೆ ಬೆಲೆ ಬಿತ್ತು. ಕೇಂದ್ರ ಘೋಷಿಸಿದ ಬೆಂಬಲ ಬೆಲೆ ಕ್ವಿಂಟಲ್‌ಗೆ 2,400 ರೂಪಾಯಿ. ನವೆಂಬರ್‌ನಲ್ಲಿ ಕರ್ನಾಟಕದ ಮಾರುಕಟ್ಟೆಗಳಲ್ಲಿ ಸಿಕ್ಕಿದ್ದು 1,600ರಿಂದ 1,800. ಎಕರೆಗೆ 20 ಕ್ವಿಂಟಲ್ ಬಂತು ಅಂದುಕೊಳ್ಳಿ. ಕ್ವಿಂಟಲ್‌ಗೆ 700 ರೂಪಾಯಿಯಂತೆ ಎಕರೆಗೆ 14,000 ರೂಪಾಯಿ ಕೈಬಿಟ್ಟಿತು. ಕಾರಿನವನ ವರ್ಷದ ನಷ್ಟ 2,800 ಅಂದೆನಲ್ಲ, ಅದರ ಐದು ಪಟ್ಟು. ಅದೂ ಒಂದೇ ಎಕರೆಗೆ.

ಒಂದು ಫುಲ್ ಟ್ಯಾಂಕ್, 21 ಕೆಜಿ ಜೋಳ

ಈಗ ಭಾವನ ಪ್ರಶ್ನೆಗೆ ಬರೋಣ. ಒಂದು ಟನ್ ಜೋಳದಿಂದ ಸುಮಾರು 380 ಲೀಟರ್ ಎಥನಾಲ್ ಬರುತ್ತೆ. 40 ಲೀಟರ್ ಟ್ಯಾಂಕ್ ತುಂಬಿಸಿದರೆ ಅದರಲ್ಲಿ 8 ಲೀಟರ್ ಎಥನಾಲ್. ಅದೆಲ್ಲ ಜೋಳದ್ದೇ ಆದರೆ 21 ಕೆಜಿ ಜೋಳ. ರಸ್ತೆ ಬದಿ ಒಣಗುತ್ತಿರೋದರಲ್ಲಿ ಒಂದೆರಡು ಬಕೆಟ್.

ಆ 21 ಕೆಜಿಗೆ ರೈತನಿಗೆ ಬೆಂಬಲ ಬೆಲೆಯಲ್ಲಿ ಸಿಗಬೇಕಾದದ್ದು 504 ರೂಪಾಯಿ. ಕ್ವಿಂಟಲ್‌ಗೆ 1,700ರಂತೆ ಕೈಗೆ ಬಂದದ್ದು 357 ರೂಪಾಯಿ. ಅದರಿಂದಾದ 8 ಲೀಟರ್ ಎಥನಾಲ್‌ಗೆ ತೈಲ ಕಂಪನಿಗಳು ಡಿಸ್ಟಿಲರಿಗೆ ಕೊಡೋದು ಸುಮಾರು 575 ರೂಪಾಯಿ. ಅದೇ 8 ಲೀಟರ್‌ಗೆ ಬಂಕಿನಲ್ಲಿ ನೀವು ಕೊಡೋದು 824 ರೂಪಾಯಿ.

ಈ ಸಂಖ್ಯೆಗಳಲ್ಲಿ ಒಂದು ಮಾತ್ರ ಅಲುಗಾಡುತ್ತೆ, ಗಮನಿಸಿ. 575 ಸರ್ಕಾರ ನಿಗದಿ ಮಾಡಿದ ದರ, ವರ್ಷಪೂರ್ತಿ ಸ್ಥಿರ. 824 ತೈಲ ಕಂಪನಿ, ತೆರಿಗೆ ಎಲ್ಲ ಸೇರಿ ಬರುವ ದರ, ಅದೂ ಇಳಿಯೋದಿಲ್ಲ. ರೈತನ ಪಾಲು ಮಾತ್ರ 504ರಿಂದ 357ಕ್ಕೆ ಜಾರಿತು. ಹಾಗೆ ಜಾರಿದಾಗ ಆ 147 ರೂಪಾಯಿ ಕಾರಿನವನ ಜೇಬಿಗೆ ವಾಪಸ್ ಬರಲಿಲ್ಲ. ಪೆಟ್ರೋಲ್ ಒಂದು ಪೈಸೆ ಅಗ್ಗ ಆಗಲಿಲ್ಲ. ಅದು ನಡುವೆ ಎಲ್ಲೋ ಉಳಿಯಿತು: ದಲ್ಲಾಳಿ, ದಾಸ್ತಾನುಗಾರ, ಡಿಸ್ಟಿಲರಿ.

ನ್ಯಾಯವಾಗಿ ಒಂದು ಮಾತು ಹೇಳಬೇಕು. ಡಿಸ್ಟಿಲರಿಗೆ ಖರ್ಚಿದೆ: ಸಾಗಣೆ, ಉರುವಲು, ಎಂಜೈಮ್, ಬ್ಯಾಂಕ್ ಸಾಲ. ಉಳಿದ ಹಿಂಡಿಯನ್ನು ಪಶು ಆಹಾರಕ್ಕೆ ಮಾರಿ ಒಂದಷ್ಟು ಗಳಿಸುತ್ತಾರೆ. ಅವರಿಗೂ ಎಲ್ಲ ಸುಖವಾಗಿಲ್ಲ. 2025-26ರ ಪೂರೈಕೆ ವರ್ಷಕ್ಕೆ ದೇಶದ ಡಿಸ್ಟಿಲರಿಗಳು 1,776 ಕೋಟಿ ಲೀಟರ್ ಕೊಡ್ತೀವಿ ಎಂದರೆ ತೈಲ ಕಂಪನಿಗಳು ಹಂಚಿಕೆ ಮಾಡಿದ್ದು ಸುಮಾರು 1,048 ಕೋಟಿ ಲೀಟರ್. ಸಬ್ಸಿಡಿ ಸಾಲ ಕೊಟ್ಟು ಬೇಕಾದ್ದಕ್ಕಿಂತ ಹೆಚ್ಚು ಕಾರ್ಖಾನೆ ಕಟ್ಟಿಸಿದ್ದಾಯಿತು. ಆದರೆ ಖರೀದಿಯಾಗುವ ಪ್ರತಿ ಲೀಟರ್‌ಗೆ ಅವರಿಗೆ ದರದ ಖಾತ್ರಿ ಇದೆ. ಪ್ರತಿ ಕ್ವಿಂಟಲ್‌ಗೆ ರೈತನಿಗೆ ಇಲ್ಲ. ತೊಂದರೆಯ ಬೇರು ಇದೇ.

ಅಕ್ಕಿಯ ಕಥೆ ನೆನಪಿದೆಯಾ?

ಜೋಳದ ಬೆಲೆ ಬೀಳೋಕೆ ಹೆಚ್ಚು ಬಿತ್ತನೆ ಒಂದೇ ಕಾರಣವಲ್ಲ. 2024-25ರಲ್ಲಿ ಕೇಂದ್ರ ಸರ್ಕಾರ ಎಫ್‌ಸಿಐ ಗೋದಾಮಿನ 52 ಲಕ್ಷ ಟನ್ ಅಕ್ಕಿಯನ್ನು ಎಥನಾಲ್‌ಗೆ ಮೀಸಲಿಟ್ಟಿತು, ಕ್ವಿಂಟಲ್‌ಗೆ 2,250 ರೂಪಾಯಿಯಂತೆ. ಆ ಅಕ್ಕಿಯನ್ನು ಕೊಂಡು, ಸಾಗಿಸಿ, ದಾಸ್ತಾನು ಮಾಡಲು ಎಫ್‌ಸಿಐಗೆ ತಗಲುವ ವೆಚ್ಚ ಸುಮಾರು 4,000. ಅಂದರೆ ಜೋಳದ 2,400ರ ಬೆಂಬಲ ಬೆಲೆಗಿಂತ ಅಗ್ಗದಲ್ಲಿ ಅಕ್ಕಿ ಡಿಸ್ಟಿಲರಿ ಬಾಗಿಲಿಗೆ ಬಂತು. 2025-26ರ ಹಂಚಿಕೆಯಲ್ಲೂ ಜೋಳದ ಪಾಲು ಸುಮಾರು ಶೇ. 46, ಎಫ್‌ಸಿಐ ಅಕ್ಕಿಯ ಪಾಲು ಶೇ. 22. ಒಂದು ಕೈಯಲ್ಲಿ ಜೋಳ ಬೆಳೆಯಿರಿ ಅಂತ ಹೇಳಿ, ಇನ್ನೊಂದು ಕೈಯಲ್ಲಿ ಅದಕ್ಕೆ ಪೈಪೋಟಿಯಾಗಿ ಅಗ್ಗದ ಅಕ್ಕಿ ಕೊಟ್ಟರೆ ಜೋಳದ ಬೆಲೆ ನಿಲ್ಲುತ್ತಾ?

ಕರ್ನಾಟಕದವರಿಗೆ ಇದರಲ್ಲಿ ಇನ್ನೊಂದು ನೆನಪಿದೆ. 2023ರ ಜೂನ್‌ನಲ್ಲಿ ಅನ್ನಭಾಗ್ಯಕ್ಕೆ ಕೆಜಿಗೆ 34 ರೂಪಾಯಿಯಂತೆ ದುಡ್ಡು ಕೊಟ್ಟು ಅಕ್ಕಿ ಕೊಳ್ಳಲು ರಾಜ್ಯ ಸಿದ್ಧವಿತ್ತು. ಕೇಂದ್ರ ರಾಜ್ಯಗಳಿಗೆ ಮಾರಾಟವನ್ನೇ ನಿಲ್ಲಿಸಿತು. ರಾಜ್ಯ ಅಕ್ಕಿಯ ಬದಲು ತಲೆಗೆ 170 ರೂಪಾಯಿ ಹಾಕಬೇಕಾಯಿತು. ಆಗ ಡಿಸ್ಟಿಲರಿಗಳಿಗೂ ಎಫ್‌ಸಿಐ ಅಕ್ಕಿ ನಿಂತಿತ್ತು ಎಂಬುದನ್ನೂ ಹೇಳಲೇಬೇಕು. ಆಮೇಲೆ ದಾಸ್ತಾನು ತುಂಬಿ ತುಳುಕಿದಾಗ ಎರಡಕ್ಕೂ ಬಾಗಿಲು ತೆರೆಯಿತು. 2025ರ ಫೆಬ್ರವರಿಯಿಂದ ಮತ್ತೆ ಅಕ್ಕಿಯೇ ಸಿಗತೊಡಗಿತು. ಒಟ್ಟಿನಲ್ಲಿ ಅರ್ಥವಾಗುವುದು ಒಂದೇ: ನಮ್ಮ ತಟ್ಟೆ, ನಮ್ಮ ಟ್ಯಾಂಕು, ಕೋಳಿ-ಹಸುವಿನ ಮೇವು ಮೂರೂ ಈಗ ಒಂದೇ ಗೋದಾಮಿಗೆ ಕಟ್ಟಿಹಾಕಿಕೊಂಡಿವೆ. ದೆಹಲಿಯಲ್ಲಿ ಒಂದು ಆದೇಶ ಹೊರಟರೆ ಮೂರೂ ಕಡೆ ಬೆಲೆ ಅಲ್ಲಾಡುತ್ತೆ.

ಇಬ್ಬರೂ ತಪ್ಪಿಸಿಕೊಂಡರು

ನವೆಂಬರ್‌ನಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯ ಪ್ರಧಾನಿಗೆ ಪತ್ರ ಬರೆದರು. ರಾಜ್ಯದಲ್ಲಿ 54 ಲಕ್ಷ ಟನ್‌ಗೂ ಹೆಚ್ಚು ಜೋಳ ಬಂದಿದೆ, ಬೆಂಬಲ ಬೆಲೆಗೆ ಖರೀದಿಸಿ, ಆಮದು ನಿಲ್ಲಿಸಿ, ಕರ್ನಾಟಕದ ಎಥನಾಲ್ ಹಂಚಿಕೆ ಹೆಚ್ಚಿಸಿ ಎಂದರು. ರಾಜ್ಯ ತನ್ನ ಕೆಲಸ ಮಾಡದೆ ಕೇಂದ್ರದ ಮೇಲೆ ಹಾಕುತ್ತಿದೆ ಎಂದು ಕೇಂದ್ರ ಸಚಿವ ಪ್ರಲ್ಹಾದ ಜೋಶಿ ತಿರುಗೇಟು ಕೊಟ್ಟರು. ಡಿಸ್ಟಿಲರಿಗಳೂ ಕೆಎಂಎಫ್‌ನ ಪಶು ಆಹಾರ ಘಟಕಗಳೂ ಬೆಂಬಲ ಬೆಲೆಗೆ ಕೊಳ್ಳಬೇಕು ಎಂದು ರಾಜ್ಯ ಸರ್ಕಾರ ಸೂಚಿಸಿತು.

ಇಬ್ಬರ ಮಾತಲ್ಲೂ ಅರ್ಧ ಸತ್ಯ ಇದೆ. ಬೆಂಬಲ ಬೆಲೆ ಘೋಷಿಸುವುದು ಕೇಂದ್ರ. ಆ ಬೆಲೆಗೆ ಖರೀದಿಸಿದ ಜೋಳವನ್ನು ಪಡಿತರದಲ್ಲಿ ಹಂಚಬೇಕು ಅನ್ನುವ ನಿಯಮ ಇಟ್ಟಿರುವುದೂ ಕೇಂದ್ರವೇ. ಕರ್ನಾಟಕದಲ್ಲಿ ಮುಸುಕಿನ ಜೋಳವನ್ನು ಪಡಿತರದಲ್ಲಿ ಕೊಟ್ಟರೆ ಯಾರು ತಿಂತಾರೆ? ಹಾಗಾಗಿ 2,400 ಅನ್ನೋದು ಕಾಗದದ ಮೇಲಿನ ಬೆಲೆ. ಇತ್ತ ರಾಜ್ಯ ಸರ್ಕಾರ ಎಚ್ಚೆತ್ತಿದ್ದು ಅರ್ಧ ಜೋಳ ರೈತರ ಕೈಬಿಟ್ಟ ಮೇಲೆ. ಎಷ್ಟು ಬಿತ್ತನೆಯಾಗಿದೆ ಅನ್ನೋದು ಕೃಷಿ ಇಲಾಖೆಗೆ ಜುಲೈನಲ್ಲೇ ಗೊತ್ತಿರುತ್ತೆ. ಸಾಲಗಾರನ ಕಾಟಕ್ಕೆ ಅಕ್ಟೋಬರ್‌ನಲ್ಲೇ ಮಾರಿದ ರೈತನಿಗೆ ನವೆಂಬರ್ ಕೊನೆಯ ಸೂಚನೆಯಿಂದ ಏನು ಬಂತು?

ಪೆಟ್ರೋಲ್ ವಿಷಯದಲ್ಲೂ ಹಾಗೇ. ಎಥನಾಲ್ ಬೆರೆಸಿದ್ದರಿಂದ 2014-15ರಿಂದ 1.44 ಲಕ್ಷ ಕೋಟಿ ರೂಪಾಯಿ ವಿದೇಶಿ ವಿನಿಮಯ ಉಳಿದಿದೆ ಎಂದು ಕೇಂದ್ರ 2025ರಲ್ಲಿ ಹೇಳಿತ್ತು. ಉಳಿತಾಯ ದೇಶದ್ದು, ಒಳ್ಳೇದೇ. ಆದರೆ ಪೆಟ್ರೋಲ್ ಯಾಕೆ ಅಗ್ಗವಾಗಿಲ್ಲ ಅಂದರೆ, ಎಥನಾಲ್‌ಗೆ ನಾವು ಕೊಡುತ್ತಿರುವ ಸರಾಸರಿ ದರ ಸಂಸ್ಕರಿಸಿದ ಪೆಟ್ರೋಲ್‌ಗಿಂತ ಹೆಚ್ಚಾಗಿದೆ ಎಂದು ಅದೇ ಸಚಿವಾಲಯ 2025ರಲ್ಲಿ ಹೇಳಿತ್ತು. ಇತ್ತ ರಾಜ್ಯ ಸರ್ಕಾರ 2024ರ ಜೂನ್‌ನಲ್ಲಿ ಪೆಟ್ರೋಲ್ ಮೇಲಿನ ಮಾರಾಟ ತೆರಿಗೆಯನ್ನು ಶೇ. 25.92ರಿಂದ 29.84ಕ್ಕೆ ಏರಿಸಿತು. ಮೈಲೇಜ್ ಬಿದ್ದು ನೀವು ಹೆಚ್ಚುವರಿಯಾಗಿ ಹಾಕಿಸುವ ಪ್ರತಿ ಲೀಟರ್‌ಗೂ ಇಬ್ಬರಿಗೂ ತೆರಿಗೆ ಹೋಗುತ್ತೆ. ಹಾಗಾಗಿ ಈ ವಿಷಯದಲ್ಲಿ ಇಬ್ಬರಿಗೂ ಅವಸರ ಇಲ್ಲ.

ಕಬ್ಬಿಗೆ ಇರೋದು ಜೋಳಕ್ಕೆ ಯಾಕಿಲ್ಲ?

ಅದೇ ನವೆಂಬರ್‌ನಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಾಪುರ ಕ್ರಾಸ್‌ನಲ್ಲಿ ಕಬ್ಬು ಬೆಳೆಗಾರರು ಹೆದ್ದಾರಿಯಲ್ಲಿ ಕೂತರು. ಸರ್ಕಾರ ಬಂದು ಮಾತಾಡಿ ಟನ್‌ಗೆ 3,300 ರೂಪಾಯಿಗೆ ಒಪ್ಪಿಸಬೇಕಾಯಿತು. ಅವರಿಗೂ ಸುಲಭಕ್ಕೆ ಸಿಕ್ಕಿದ್ದಲ್ಲ, ಬಾಕಿ ಹಣದ ಗೋಳು ಅಲ್ಲೂ ತಪ್ಪಿಲ್ಲ. ಆದರೆ ಕಬ್ಬಿಗೆ ಒಂದು ಕಾನೂನಿದೆ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಾರ್ಖಾನೆ ನಿಗದಿತ ಬೆಲೆ ಕೊಡಲೇಬೇಕು, 14 ದಿನದಲ್ಲಿ ಕೊಡಬೇಕು. ಯಾವ ಕಾರ್ಖಾನೆಗೆ ಕಬ್ಬು ಹೋಯಿತು ಅನ್ನೋದು ಗೊತ್ತಿರುತ್ತೆ, ಕೇಳೋಕೆ ಒಂದು ಬಾಗಿಲಿರುತ್ತೆ.

ಜೋಳದ ರೈತನಿಗೆ ಆ ಬಾಗಿಲೇ ಇಲ್ಲ. ಮಾದಿಹಳ್ಳಿಯ ರಸ್ತೆಯಿಂದ ಎದ್ದ ಜೋಳ ಯಾವ ವ್ಯಾಪಾರಿಯ ಲಾರಿ ಹತ್ತಿ, ಕೋಳಿ ಮೇವಿಗೆ ಹೋಯಿತೋ ಸ್ಟಾರ್ಚ್ ಕಾರ್ಖಾನೆಗೆ ಹೋಯಿತೋ ಡಿಸ್ಟಿಲರಿಗೆ ಹೋಯಿತೋ ಬೆಳೆದವನಿಗೆ ಗೊತ್ತಿಲ್ಲ. ತೇವಾಂಶ ಶೇ. 14 ದಾಟಿದೆ ಅಂತ ವ್ಯಾಪಾರಿ ಕ್ವಿಂಟಲ್‌ಗೆ ಒಂದಷ್ಟು ಕಡಿದುಕೊಂಡರೂ ಕೇಳೋ ಹಾಗಿಲ್ಲ. ಹೋಬಳಿಗೊಂದು ಒಣಗಿಸುವ ಯಂತ್ರ, ಒಕ್ಕಣೆ ಕಣ ಇದ್ದಿದ್ದರೆ ರಸ್ತೆಯಲ್ಲಿ ಹರವುವ ಪ್ರಮೇಯ ಬರುತ್ತಿತ್ತಾ? ಕಾರಿನವರು ಬೈಯಬೇಕಾದದ್ದು ಜೋಳ ಹರವಿದವರನ್ನಲ್ಲ.

ಕೇಳಬೇಕಾದ್ದು

ಎಥನಾಲ್ ಬೇಡ ಅನ್ನೋದು ನನ್ನ ವಾದವಲ್ಲ. ಬೇಕಾದ ಕಚ್ಚಾ ತೈಲದಲ್ಲಿ ಶೇ. 80ಕ್ಕೂ ಹೆಚ್ಚನ್ನು ಹೊರಗಿಂದ ತರುವ ದೇಶಕ್ಕೆ ಇದರಲ್ಲಿ ಪ್ರಯೋಜನ ಇದೆ. ಆದರೆ ಬೆಳೆದವನಿಗೂ ಓಡಿಸುವವನಿಗೂ ಖಾತ್ರಿ ಇಲ್ಲದೆ ನಡುವಿನವರಿಗೆ ಮಾತ್ರ ಖಾತ್ರಿ ಕೊಡುವ ವ್ಯವಸ್ಥೆಗೆ ಸ್ವಾವಲಂಬನೆ ಎಂಬ ಹೆಸರು ಒಪ್ಪೋದಿಲ್ಲ. ಇ20 ದಾಟಿ ಇ27ಕ್ಕೆ ಹೋಗುವ ಚರ್ಚೆ ಈಗಾಗಲೇ ಕೇಳಿಬರುತ್ತಿದೆ. ಅದಕ್ಕೂ ಮೊದಲು ನಾಲ್ಕು ವಿಷಯ ಇತ್ಯರ್ಥವಾಗಬೇಕು.

ಒಂದು, ಪ್ರತಿ ಬಂಕಿನ ನಾಜಲ್ ಮೇಲೆ ಎಥನಾಲ್ ಎಷ್ಟು ಶೇಕಡಾ ಅನ್ನೋದು ಕನ್ನಡದಲ್ಲಿ ಬರೆದಿರಬೇಕು. ಹಾಲಿನ ಪ್ಯಾಕೆಟ್ ಮೇಲೆ ಕೊಬ್ಬಿನ ಪ್ರಮಾಣ ಬರೆಯುವ ದೇಶದಲ್ಲಿ ಇದು ಅತಿ ಆಸೆಯಲ್ಲ.

ಎರಡು, ನೀತಿ ಆಯೋಗವೇ ಹೇಳಿದಂತೆ 2023ಕ್ಕಿಂತ ಹಿಂದಿನ ಗಾಡಿಗಳಿಗೆ ಇ10 ಸಿಗಬೇಕು. ಎಲ್ಲ ಬಂಕಿನಲ್ಲಿ ಆಗದಿದ್ದರೆ ತಾಲೂಕಿಗೆ ಒಂದೆರಡು ಕಡೆಯಾದರೂ.

ಮೂರು, ಶಕ್ತಿ ಕಡಿಮೆ ಇರುವ ಇಂಧನಕ್ಕೆ ತೆರಿಗೆಯೂ ಕಡಿಮೆ ಇರಬೇಕು. ಕೇಂದ್ರ, ರಾಜ್ಯ ಇಬ್ಬರೂ ಬಿಟ್ಟುಕೊಡಬೇಕು.

ನಾಲ್ಕು, ಎಲ್ಲಕ್ಕಿಂತ ಮುಖ್ಯವಾದದ್ದು: ರೈತನ ಖಾತೆಗೆ ಬೆಂಬಲ ಬೆಲೆ ಜಮೆಯಾದ ದಾಖಲೆ ತೋರಿಸಿದ ಡಿಸ್ಟಿಲರಿಗೆ ಮಾತ್ರ 71 ರೂಪಾಯಿ 86 ಪೈಸೆ ದರ ಸಿಗಬೇಕು. ಸರ್ಕಾರ ಹೊಸದಾಗಿ ಒಂದು ರೂಪಾಯಿ ಖರ್ಚು ಮಾಡಬೇಕಿಲ್ಲ. ಈಗಾಗಲೇ ಕೊಡುತ್ತಿರುವ ದುಡ್ಡಿಗೆ ಒಂದು ಷರತ್ತು ಹಾಕಿದರೆ ಸಾಕು. ರಾಜ್ಯದಲ್ಲಿ ರೈತರ ನೋಂದಣಿಗೆ ಫ್ರೂಟ್ಸ್ ವ್ಯವಸ್ಥೆ ಇದೆ, ಬೆಳೆ ಸಮೀಕ್ಷೆಯ ಆ್ಯಪ್ ಇದೆ. ತಂತ್ರಜ್ಞಾನ ಇಲ್ಲ ಅನ್ನೋ ನೆಪ ನಡೆಯೋದಿಲ್ಲ.

ಕಾರಿನವರಿಗೆ ದನಿ ಇದೆ. ಇ20 ವಿರುದ್ಧ ಅವರು ಹಾಕಿದ ಪೋಸ್ಟು, ವಿಡಿಯೊಗಳಿಗೆ ಸಚಿವಾಲಯವೇ ಎರಡೆರಡು ಸಲ ಸ್ಪಷ್ಟನೆ ಕೊಡಬೇಕಾಯಿತು. ಆದರೆ ಆ ಚರ್ಚೆಯಲ್ಲಿ ಬಹಳಷ್ಟು ಕಡೆ ಎದುರಾಳಿಯಾಗಿ ಕಂಡದ್ದು ರೈತ: "ಅವರಿಗಾಗಿ ನಮ್ಮ ಎಂಜಿನ್ ಯಾಕೆ ಹಾಳಾಗಬೇಕು?" ಕೋರ್ಟಿನಲ್ಲಿ ಸರ್ಕಾರವೂ ರೈತನ ಹೆಸರನ್ನೇ ಮುಂದಿಟ್ಟಿತು. ರೈತನ ಹೆಸರಲ್ಲಿ ಇಷ್ಟೆಲ್ಲ ನಡೆಯಿತು, ರೈತನಿಗೆ ಸಿಕ್ಕಿದ್ದು ಟ್ಯಾಂಕಿಗೆ 357 ರೂಪಾಯಿ.

ಆ ಭಾನುವಾರ ಸಂಜೆ ಭಾವ ಮಾಡಿನಿಂದ ಇಳಿದರು. ಹಂಚು ಸರಿಹೋಗಿತ್ತು. ಕಾರೂ ಕನ್ನಡಿಯಂತೆ ಹೊಳೆಯುತ್ತಿತ್ತು. ಅಷ್ಟರಲ್ಲಿ ಮೋಡ ಕವಿಯಿತು. ರಸ್ತೆಯ ಕಡೆಯಿಂದ ಅಕ್ಕ ಕೂಗಿದ್ದು ಕೇಳಿಸಿತು. ಆ ಮೂವರು ಹುಡುಗರು ಬಕೆಟ್ಟು, ಬಟ್ಟೆ ಅಲ್ಲೇ ಬಿಟ್ಟು ಓಡಿದರು, ನಾನೂ ಹಿಂದೆ ಹೋದೆ. ಕಾಲು ಗಂಟೆಯಲ್ಲಿ ಎಲ್ಲರೂ ಸೇರಿ ಜೋಳ ಗುಡ್ಡೆ ಮಾಡಿ ಟಾರ್ಪಾಲು ಎಳೆದೆವು. ಮರುದಿನ ಬೆಳಗ್ಗೆ ವ್ಯಾಪಾರಿ ಫೋನ್ ಮಾಡಿ 1,650 ಅಂದ. ಭಾವ ಇನ್ನೂ ಕೊಟ್ಟಿಲ್ಲ. ಎಷ್ಟು ದಿನ ಇಟ್ಟುಕೊಳ್ಳಬಹುದು ಅಂತ ಮೊನ್ನೆ ನನ್ನನ್ನೇ ಕೇಳಿದರು.